ಮೂರನೇ ನಂಬರು

ಹಸುವಿನ ಗರ್ಭದಿಂದ ತೊಳೆದು ತೆಗೆದ ಭ್ರೂಣಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಇದು ಒಂದನೇ ನಂಬರು, ಇದು ಎರಡು, ಇದು ಮೂರು ಎಂದು ವಿಂಗಡಿಸುವುದು ಜೋಡೀನ್ ಹೌಗೆನ್‌ಳ ಕೆಲಸ. ಪಶ್ಚಿಮ ವಿಸ್ಕಾನ್ಸಿನ್ನಿನ ಆ ಗುಡ್ಡಗಳ ನಡುವೆ ಹಾಲು ಮಾರಿ ಬದುಕುವ ಮನೆಗಳಲ್ಲಿ ಅವಳ ಮಾತಿಗೆ ಎದುರಿರಲಿಲ್ಲ. ಮೊದಲೆರಡು ನಂಬರಿನವು ಹೊಗೆಯಾಡುವ ಶೈತ್ಯದ ಡಬ್ಬಿಗೆ ಹೋಗುತ್ತಿದ್ದವು, ಮೂರನೆಯವು ಸಿಂಕಿಗೆ. ಅಂಥವು ಶೀತ ತಡೆಯುವುದಿಲ್ಲ, ತಡೆದರೂ ಗಬ್ಬ ನಿಲ್ಲುವುದು ಅಪರೂಪ. ಹಸುವಿನ ಒಂದು ಬೆದೆಯನ್ನು ಯಾಕೆ ಹಾಳು ಮಾಡಬೇಕು?

ಒಮ್ಮೆ ಮಾತ್ರ, ಒಂದು ಜುಲೈಯಲ್ಲಿ, ಮದುವೆಯಿಲ್ಲದೆ ಮುದುಕನಾದ ರೈತ ಲೆರಾಯ್ ತನ್ನ ಕೊಟ್ಟಿಗೆಯಲ್ಲಿ ಅಡ್ಡ ಬಂದಿದ್ದ.

"ಚೆಲ್ಲಬೇಡ ಕಣೇ. ಅಲ್ಲಿ ಹಸು ಬೆದೆ ಮುಗಿಸಿ ಸುಮ್ನೆ ನಿಂತಿದೆ. ಹಾಕು ಅದಕ್ಕೆ."

"ಇದು ಮೂರು, ಲೆರಾಯ್. ದಂಡ."

"ನಾನೂ ಮೂರನೇ ನಂಬರೇ. ನಮ್ಮಮ್ಮ ಚೆಲ್ಲಿದ್ಲಾ?"

ಜೋಡೀನ್ ನಕ್ಕಳು. ಮುದುಕನ ಬಾಯಿಗೆ ಹೆದರಿ ಹಾಕಿದಳು, ಮನೆಗೆ ಬರುವಷ್ಟರಲ್ಲಿ ಮರೆತಳು. ಆಗ ಅವಳ ತಲೆಯಲ್ಲಿ ಬೇರೆಯದೇ ಇತ್ತು.

ಮದುವೆಯಾಗಿ ಬಹಳ ವರ್ಷವಾದರೂ ಅವಳಿಗೂ ಗಂಡ ಟ್ರೆಂಟನಿಗೂ ಮಕ್ಕಳಿರಲಿಲ್ಲ. ನಲವತ್ತು ದಾಟಿದ ಮೇಲೆ ಕ್ಲಿನಿಕ್ಕಿಗೆ ಹೋದರು. ಅಷ್ಟೆಲ್ಲ ಸೂಜಿ ಚುಚ್ಚಿಸಿಕೊಂಡು ದಕ್ಕಿದ್ದು ಮೂರು ಭ್ರೂಣ. ಇನ್ನು ಅಂಡ ಸಿಗುವುದಿಲ್ಲ ಎಂದು ಡಾಕ್ಟರ್ ಹೇಳಿಬಿಟ್ಟಿದ್ದರು. ಶೈತ್ಯದಿಂದ ಮೊದಲನೆಯದನ್ನು ತೆಗೆದು ಅವಳ ಗರ್ಭದಲ್ಲಿಟ್ಟರು, ನಿಲ್ಲಲಿಲ್ಲ. ಎರಡನೆಯದು ನಿಂತಿತು, ಜೋಡೀನ್ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಕಾರು ಓಡಿಸುವುದನ್ನು ಕಲಿತಳು. ಆಮೇಲೆ ಅದೂ ಜಾರಿಹೋಯಿತು. ಎರಡೂ ಒಳ್ಳೆಯ ದರ್ಜೆಯವು. ಉಳಿದದ್ದು ಒಂದೇ, ಅದು ಕಳಪೆ ದರ್ಜೆಯದು.

"ಇದು ನಿಲ್ಲೋ ಸಾಧ್ಯತೆ ಕಡಿಮೆ," ಎಂದರು ಡಾಕ್ಟರ್ ಬೆಲ್, ಕನ್ನಡಕ ತೆಗೆದು. "ಅದನ್ನ ಮುಚ್ಚಿಡಲ್ಲ. ಆದ್ರೆ ನಿಂತು ಹುಟ್ಟಿದ್ರೆ ಮಗು ಬೇರೆ ಮಕ್ಕಳ ಹಾಗೇ ಇರುತ್ತೆ. ತೂಕ, ಆರೋಗ್ಯ, ಯಾವುದರಲ್ಲೂ ನಮಗೆ ವ್ಯತ್ಯಾಸ ಕಂಡಿಲ್ಲ. ಈ ದರ್ಜೆ ಅನ್ನೋದು..."

ಜೋಡೀನ್ ತಲೆಯಾಡಿಸುತ್ತಿದ್ದಳು. ದರ್ಜೆ ಅಂದರೇನೆಂದು ಅವಳಿಗೆ ಯಾರಾದರೂ ಹೇಳಿಕೊಡಬೇಕೇ? ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ.

ಅಂದು ಹಾಲು ಕರೆಯುವ ಹೊತ್ತಿನಲ್ಲಿ, ಯಂತ್ರದ ಸದ್ದಿನ ನಡುವೆ, ಟ್ರೆಂಟ್ ಕೇಳಿದ, "ಇರೋದೊಂದೇ ಅಲ್ವಾ ಜೋ. ಹಾಕಿಸಿ ನೋಡೋಣ."

"ಅದು ಮೂರನೇ ನಂಬರು ಟ್ರೆಂಟ್."

"ಡಾಕ್ಟರು ಹಾಗಂದ್ರಾ?"

"ಅವರು ನಯವಾಗಿ ಹೇಳ್ತಾರೆ. ನಾನು ಎಷ್ಟು ನೋಡಿಲ್ಲ? ನಮ್ಮ ಹಸುಗೆ ಹಾಕದೇ ಇರೋದನ್ನ ನಾನು ಹಾಕಿಸ್ಕೊಳ್ಳಲಾ? ಒಂದು ವೇಳೆ ನಿಂತು, ಹುಟ್ಟಿ, ಏನಾದ್ರೂ ಐಬಿದ್ರೆ? ಗೊತ್ತಿದ್ದೂ ಗೊತ್ತಿದ್ದೂ ಮಾಡಿದ್ಲು ಅಂತ ಆ ಮಗುವೇ ನನ್ನ ಕೇಳಲ್ವಾ?"

ಟ್ರೆಂಟ್ ಹಸುವಿನ ಪಕ್ಕೆಗೆ ಹಣೆ ಆನಿಸಿಕೊಂಡು ನಿಂತ. ಮನೆಯಲ್ಲಿ ಭ್ರೂಣ ಬಲ್ಲವಳು ಅವಳೊಬ್ಬಳೇ. "ನೀನು ಹೇಳಿದ ಹಾಗೆ," ಎಂದ.

ಫೆಬ್ರವರಿಯಲ್ಲಿ ಅವಳೇ ಕ್ಲಿನಿಕ್ಕಿಗೆ ಫೋನು ಮಾಡಿ, ಅದನ್ನು ಇನ್ನು ಇಡುವುದು ಬೇಡ, ತೆಗೆದುಬಿಡಿ ಎಂದು ತಿಳಿಸಿದಳು. ಸರಿಯಾದದ್ದನ್ನೇ ಮಾಡಿದೆ ಎಂಬ ಒಣ ಸಮಾಧಾನದಲ್ಲಿ ಅಂಗಳದ ಹಿಮ ತಳ್ಳಿದಳು.

ಏಪ್ರಿಲ್ಲಿನಲ್ಲಿ ಜೋಡೀನ್ ಲೆರಾಯ್‌ನ ಕೊಟ್ಟಿಗೆಗೆ ಹೋದಾಗ ಹುಲ್ಲಿನ ಮೇಲೆ ಹೊಸ ಹೆಣ್ಣುಗರು ನಿಂತಿತ್ತು. ಮೈಯೆಲ್ಲ ಮಿರುಗು, ಬೆನ್ನು ಗೆರೆ ಎಳೆದಂತೆ ನೇರ. ಅವಳ ಬೆರಳನ್ನೇ ಮೊಲೆಯೆಂದುಕೊಂಡು ಜಗ್ಗಿ ಚೀಪಿತು.

"ಅಬ್ಬ, ಏನು ಜೋರು! ಯಾವುದರದು ಇದು?"

"ಗುರುತು ಸಿಗಲಿಲ್ವಾ? ನೀನು ಸಿಂಕಿಗೆ ಚೆಲ್ಲೋಕೆ ಹೊರಟಿದ್ಯಲ್ಲ, ಅದೇ. ಸಿಂಕಿ ಅಂತಲೇ ಹೆಸರಿಟ್ಟಿದ್ದೀನಿ." ಲೆರಾಯ್ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ಏನಂದೆ ಅವತ್ತು? ದಂಡ ಅಂದ್ಯಾ?"

ಪಾಪ, ಅವನಿಗೇನು ಗೊತ್ತು. ಜೋಡೀನ್ ಬೆರಳು ಬಿಡಿಸಿಕೊಳ್ಳಲಿಲ್ಲ. ಕರು ಚೀಪುತ್ತಲೇ ಇತ್ತು. ಡಾಕ್ಟರ್ ಬೆಲ್ ಕನ್ನಡಕ ತೆಗೆದು ಹೇಳಿದ ಎರಡನೆಯ ಮಾತು, ಅಷ್ಟು ತಿಂಗಳು ಎಲ್ಲಿತ್ತೋ, ಈಗ ಒಂದಕ್ಷರವೂ ಬಿಡದೆ ಕೇಳಿಸಿತು.

ಗಾಡಿಯಲ್ಲಿ ಕೂತು, ಗಾಜು ಏರಿಸಿ, ಕ್ಲಿನಿಕ್ಕಿಗೆ ಫೋನು ಮಾಡಿದಳು. ನರ್ಸ್ ದಾಖಲೆ ತೆಗೆದು ನೋಡಿದಳು.

"ನೀವು ಹೇಳಿದ ಮೇಲೆ ಆ ತಿಂಗಳೇ ಹೊರಗೆ ತೆಗೆದ್ರು ಮಿಸೆಸ್ ಹೌಗೆನ್. ಈಗಿಲ್ಲ."

"ಗೊತ್ತು. ಸುಮ್ನೆ ಕೇಳ್ದೆ." ಮತ್ತೆ ಕೇಳಿದಳು, "ಅದು ಹುಟ್ಟಿದ್ದಿದ್ರೆ... ಚೆನ್ನಾಗಿರ್ತಿತ್ತಾ?"

"ನಿಲ್ತಿತ್ತೋ ಇಲ್ವೋ ಯಾರೂ ಹೇಳಕ್ಕಾಗಲ್ಲ. ನಿಂತು ಹುಟ್ಟಿದ್ರೆ ಮಗುಗೆ ಅದರಿಂದ ಏನೂ ಕಡಿಮೆ ಆಗ್ತಿರ್ಲಿಲ್ಲ. ಡಾಕ್ಟರು ಹೇಳಿದ್ರಲ್ವಾ?"

"ಹೇಳಿದ್ರು," ಎಂದಳು ಜೋಡೀನ್. "ಅವರು ಹೇಳಿದ್ರು."

ಟ್ರೆಂಟನಿಗೆ ತಿಳಿಸಿದಾಗ ಅವನು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೂಟು ಮೆಟ್ಟಿಕೊಂಡು ಕೊಟ್ಟಿಗೆಗೆ ಹೋದ. ಅಲ್ಲಿಂದ ಅವನು ತಾಯಿಗೆ ಫೋನು ಮಾಡಿರಬೇಕು.

ಆ ಊರಿನಲ್ಲಿ ಸಾವಾದ ಮನೆಗೆ ಯಾರೂ ಹೆಚ್ಚು ಮಾತು ಒಯ್ಯುವುದಿಲ್ಲ, ಬೇಯಿಸಿದ್ದು ಒಯ್ಯುತ್ತಾರೆ. ಪಾತ್ರೆ ತಪ್ಪಿಹೋಗದಿರಲಿ ಎಂದು ತಳಕ್ಕೆ ಹೆಸರಿನ ಪಟ್ಟಿ ಅಂಟಿಸಿರುತ್ತಾರೆ. ಟ್ರೆಂಟನ ತಾಯಿ ಅರ್ಲಿಸ್ ಬಳಿ ನೀಲಿ ಮುಚ್ಚಳದ್ದೊಂದು ಪಾತ್ರೆಯಿತ್ತು. ಅದು ಹಬ್ಬಕ್ಕೆ ಹೊರಬರುತ್ತಿರಲಿಲ್ಲ, ಚರ್ಚಿನ ಊಟಕ್ಕೂ ಇಲ್ಲ. ಸಾವಿನ ಮನೆಗೆ ಮಾತ್ರ. ಮಾರನೆಯ ಮಧ್ಯಾಹ್ನ ಆಕೆ ಮೊಣಕೈಯಿಂದ ಬಾಗಿಲು ತಳ್ಳಿಕೊಂಡು ಒಳಬಂದಾಗ ಕೈಯಲ್ಲಿ ಅದೇ ಇತ್ತು.

"ಯಾರು ಹೋದ್ರು ಅರ್ಲಿಸ್? ಯಾರ ಮನೆಗೆ ಹೊರಟ್ರಿ?"

"ಯಾರ ಮನೆಗೂ ಇಲ್ಲ ಕಣಮ್ಮ. ಇಲ್ಲಿಗೇ." ಅರ್ಲಿಸ್ ಅದನ್ನು ಒಲೆಯ ಮೇಲಿಟ್ಟಳು. "ಬಿಸಿ ಇದೆ, ಮುಟ್ಟಬೇಡ. ಮೀನು, ಶಾವಿಗೆ, ಮೇಲೆ ಚೀಸ್. ತಿನ್ನದೇ ಇದ್ರೆ ನಂಗೆ ಗೊತ್ತಾಗುತ್ತೆ."

ಫೋನು ಇಟ್ಟ ಮೇಲೂ ಅಳದಿದ್ದ ಜೋಡೀನ್ ಆಗ ಅತ್ತಳು. ಅರ್ಲಿಸ್ ಬೆನ್ನು ಸವರಲಿಲ್ಲ, ಅದು ಆಕೆಗೆ ಬಾರದ ವಿದ್ಯೆ. ಪಕ್ಕದಲ್ಲಿ ನಿಂತು, ಆಗಲೇ ಒರೆಸಿದ್ದ ಒಲೆಯನ್ನು ಮತ್ತೆ ಮತ್ತೆ ಒರೆಸಿದಳು. ಪಾತ್ರೆ ಬೇಸಿಗೆಯೆಲ್ಲ ಸೊಸೆಯ ಕಪಾಟಿನಲ್ಲೇ ಉಳಿಯಿತು. ಆಕೆ ಕೇಳಲಿಲ್ಲ.

ಜೋಡೀನ್ ಆ ಕೆಲಸವನ್ನೇ ಮಾಡುತ್ತಾಳೆ. ಬೇರೆ ಯಾವುದು ಗೊತ್ತು? ಈಗಲೂ ಒಂದು, ಎರಡು, ಮೂರು ಎಂದೇ ವಿಂಗಡಿಸುತ್ತಾಳೆ. ಆದರೆ ಮೂರನೆಯದು ಕಂಡಾಗ ತಲೆಯೆತ್ತಿ ಕೇಳುತ್ತಾಳೆ, "ಸುಮ್ನೆ ನಿಂತಿರೋ ಹಸು ಯಾವುದಾದ್ರೂ ಇದೆಯಾ?"

ಹೆಚ್ಚಾಗಿ ಇರುವುದಿಲ್ಲ. ಆಗ ನಲ್ಲಿ ತಿರುಗಿಸುತ್ತಾಳೆ. ನೀರು ಹೋಗುವುದನ್ನೇ ನೋಡುತ್ತಾ, ಹಸುವಿನ ಯಜಮಾನರು ಬಂದು "ಆಯ್ತೇನಮ್ಮ?" ಎನ್ನುವವರೆಗೂ ಹಾಗೇ ನಿಂತಿರುತ್ತಾಳೆ.