ಕಟಕಟೆ ಏರದ ಖಂಡಪ್ಪ

ಆಂಟಾಪ್ ಹಿಲ್‌ನ ಆ ಚಾಳಿನಲ್ಲಿ ನಳದ ಮುಂದೆ ಕೊಡಕ್ಕೆ ಕೊಡ ತಾಗಿದರೂ ನ್ಯಾಯ ಖಂಡಪ್ಪನ ಬಾಗಿಲಿಗೇ ಬರಬೇಕು. ಬರದಿದ್ದರೆ ಖಂಡಪ್ಪನೇ ಅದನ್ನು ಹುಡುಕಿಕೊಂಡು ಹೋಗುತ್ತಿದ್ದ. ಇಂಡಿ ತಾಲೂಕಿನಿಂದ ಗವಂಡಿ ಕೆಲಸಕ್ಕೆ ಮುಂಬಯಿಗೆ ಬಂದವನು. ಗೋಡೆ ಕಟ್ಟುವುದು ಹೊಟ್ಟೆಪಾಡು, ಜಗಳ ಬಿಡಿಸುವುದು ಪರಮಾರ್ಥ. ಜಗಳವಾಡಿದವರು ಎದುರುಬದುರು ಕೂರಬೇಕು, ತಪ್ಪು ಮಾಡಿದವನು ತನ್ನ ಬಾಯಿಂದಲೇ ತಪ್ಪಾಯಿತು ಅನ್ನಬೇಕು. ಅವನು ಹಾಗಂದ ಮೇಲೆ ಎದುರಿನವನು ತನ್ನ ಹಟ ಅರ್ಧಕ್ಕೆ ಇಳಿಸಬೇಕು. "ಅಂವ ಬಾಗ್ಯಾನ, ನೀನೂ ಚೂರು ಬಾಗಪಾ" ಎನ್ನುತ್ತ ಚಾಳಿನ ಎಷ್ಟೋ ಬೆನ್ನುಗಳನ್ನು ಅವನು ಬಾಗಿಸಿದ್ದ.

ಇಂಥ ಖಂಡಪ್ಪನಿಗೆ ಜೋಗೇಶ್ವರಿಯಲ್ಲಿ ಕಾರು ಬಡಿಯಿತು. ಕೆಲಸ ಮುಗಿಸಿ, ಸಿಗ್ನಲ್ ನೋಡಿಕೊಂಡೇ ರಸ್ತೆ ದಾಟಿ ಸ್ಟೇಷನ್ನಿಗೆ ಹೊರಟಿದ್ದ. ಕಾಲಿನ ಎಲುಬು ಮುರಿದು ಒಳಗೆ ರಾಡು ಕೂತಿತು. ಕಾರು ನಡೆಸುತ್ತಿದ್ದ ಮಾಲೀಕನ ಹೆಸರು ಕೊರಗ, ಕರಾವಳಿಯವನು, ಗ್ರಾಂಟ್ ರೋಡಿನಲ್ಲಿ ಹೋಟೆಲು. ಅವನೇ ಆಸ್ಪತ್ರೆಗೆ ಸೇರಿಸಿದ, ಮರುದಿನ ಡಬ್ಬಿ ತುಂಬ ಇಡ್ಲಿ ತಂದುಕೊಟ್ಟ, ಆಮೇಲೆ ಮಾಯವಾದ.

ಮಾಯವಾಗಲಿ, ಪರವಾಗಿಲ್ಲ. ಆದರೆ ಪರಿಹಾರದ ಅರ್ಜಿಗೆ ಕಾರಿನ ವಿಮಾ ಕಂಪನಿ ಕೊಟ್ಟ ಉತ್ತರದಲ್ಲಿ, ಗಾಯಾಳುವೇ ಎಚ್ಚರವಿಲ್ಲದೆ ಕಾರಿಗೆ ಅಡ್ಡ ಬಂದ ಎಂದಿತ್ತು. ವಕೀಲೆ ಸಾಧನಾ ಅದನ್ನು ಓದಿ ಹೇಳಿದಾಗ ಖಂಡಪ್ಪ ಮುರಿದ ಕಾಲು ಮರೆತು ಎದ್ದು ನಿಂತ.

"ಮೂವತ್ತು ವರ್ಷ ಈ ಊರಾಗ ರಸ್ತಾ ದಾಟೀನಿ, ಒಂದು ಕೋಳಿಗೂ ಡಿಕ್ಕಿ ಹೊಡದಿಲ್ಲ! ರೊಕ್ಕ ಬರಲಿ ಬಿಡಲಿ, ತಪ್ಪು ನಂದಲ್ಲ ಅಂತ ಜಡ್ಜ್ ಸಾಹೇಬ್ರ ಬಾಯಿಂದ ಕೇಳಬೇಕು. ಕಟಕಟಿ ಹತ್ತೇ ಹತ್ತತೀನಿ."

"ಅಷ್ಟು ದೂರ ಹೋಗಲ್ಲ ಅಂಕಲ್," ಎಂದಳು ಸಾಧನಾ. ಮೈಸೂರು ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಇಲ್ಲೇ. ಅವಳ ಕನ್ನಡ ಅರ್ಧ ದಾರಿಯಲ್ಲಿ ಇಳಿದು ಇಂಗ್ಲಿಷಿನ ರಿಕ್ಷಾ ಹಿಡಿಯುತ್ತಿತ್ತು. "ಅರ್ಜಿ ಟ್ರಿಬ್ಯೂನಲ್‌ನಲ್ಲಿ ಇರತ್ತೆ, ಆದ್ರೆ ಇಂಥ ಕೇಸ್ ಮೋಸ್ಟ್‌ಲಿ ಸೆಟಲ್ ಆಗತ್ತೆ. ಸಾಕ್ಷಿ, ಜಡ್ಜ್‌ಮೆಂಟ್ ಅಂತ ಹೋದ್ರೆ ಇನ್ನೂ ಎಷ್ಟು ವರ್ಷಾನೋ. ಲೋಕ ಅದಾಲತ್‌ನಲ್ಲಿ ಮಾತಾಡಿ ಮುಗಿಸೋಣ."

ಖಂಡಪ್ಪನ ಮುಖ ನಿಶ್ಚಯವಾದ ಮದುವೆ ಮುರಿದವನ ಮುಖದಂತಾಯಿತು. ಆದರೂ ತಯಾರಿ ಬಿಡಲಿಲ್ಲ. ದಿನಾ ಸಂಜೆ ಬಾಗಿಲ ಬಳಿಯ ನೀರಿನ ಡ್ರಮ್ಮಿನ ಹಿಂದೆ ನಿಂತು ಸಾಕ್ಷಿ ಹೇಳುತ್ತಿದ್ದ. ಕೇಳುವವಳು ಮೆಂತ್ಯ ಪಲ್ಲೆ ಸೋಸುತ್ತ ಕೂತ ಹೆಂಡತಿ ಮಲ್ಲಕ್ಕ.

"ದೇವರ ಆಣಿ ಮಾಡಿ ಖರೇನ ಹೇಳ್ತೀನಿ, ಸಾಹೇಬ್ರ..."

"ಖರೇ ಆಮ್ಯಾಲೆ ಹೇಳ್ರಿ. ಮೊದಲ ಆ ಡ್ರಮ್ಮಿನ ಮುಚ್ಚಳ ಮುಚ್ರಿ, ಉಗುಳು ಬೀಳಾಕತ್ತೈತಿ."

ಅದಾಲತ್ತಿನ ದಿನ ಖಂಡಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಟೊಪ್ಪಿಗೆ ಇಟ್ಟು ಹೊರಟ. ಒಳಗೆ ನೋಡಿದರೆ ಕಟಕಟೆಯೇ ಇಲ್ಲ. ಒಂದು ಮೇಜು, ನಾಲ್ಕಾರು ಪ್ಲಾಸ್ಟಿಕ್ ಕುರ್ಚಿ. ಆಚೆ ಒಬ್ಬ ನಿವೃತ್ತ ನ್ಯಾಯಾಧೀಶರು, ಈಚೆ ಕಂಪನಿಯ ಅಧಿಕಾರಿ. ಚಾಳಿನ ಗಣಪತಿ ಮಂಡಳದ ಮೀಟಿಂಗಿಗೆ ಇದಕ್ಕಿಂತ ಹೆಚ್ಚು ಗತ್ತಿತ್ತು. ಅಧಿಕಾರಿ ಒಂದು ಅಂಕಿ ಹೇಳಿದ, ಸಾಧನಾ ಏರಿಸಿದಳು, ಅವನು ನರಳುತ್ತ ಏರಿದ. ಕೊನೆಗೆ ಇಬ್ಬರೂ ಒಂದೇ ಮೆಟ್ಟಿಲಿನ ಮೇಲೆ ನಿಂತರು.

"ಒಳ್ಳೇ ಆಫರ್ ಅಂಕಲ್, ಸೈನ್ ಮಾಡಿ."

"ಒಲ್ಲೆ."

"ಔರ್ ಕ್ಯಾ ಚಾಹಿಯೇ, ಬಾಬಾ?" ಎಂದರು ನ್ಯಾಯಾಧೀಶರು.

"ಆದ್ಮೀ ಚಾಹಿಯೇ, ಸಾಬ್! ನನಗ ಬಡದಾಂವ ಎಲ್ಲಿ? ಕಾಲು ಮುರದದ್ದು ಕಂಪನಿ ಏನು? ಅಂವ ಬರದಿದ್ರ ಕೋರ್ಟಿನಾಗೇ ನೋಡ್ಕೊಳ್ಳೂಣು."

ಸಾಧನಾ ಇದನ್ನು ಹಿಂದಿಗೆ ತಿರುಗಿಸಿದಳು. ಹಿಂದೆ ಕೂತಿದ್ದ ಮಲ್ಲಕ್ಕ ಹಣೆ ಚಚ್ಚಿಕೊಂಡಳು.

ನೋಟಿಸು ಕೊರಗನಿಗೂ ಹೋಗಿತ್ತು. ಬರಬೇಕಾಗಿಲ್ಲ ಎಂದು ಕಂಪನಿಯವರು ಹೇಳಿದ್ದರೂ ಮನಸ್ಸು ತಡೆಯದೆ ಬಂದು ಬಾಗಿಲ ಮರೆಯಲ್ಲಿ ನಿಂತಿದ್ದ. "ನಾನು ಇಲ್ಲೇ ಇದ್ದೇನೆ ಮಾರಾಯ್ರೇ," ಎನ್ನುತ್ತ ಒಳಗೆ ಬಂದ.

ಅಷ್ಟೇ. ಆ ಕ್ಷಣದಿಂದ ಅದಾಲತ್ತು ಖಂಡಪ್ಪನದಾಯಿತು. "ಬರ್ರಿ ಮಾಲಕ್ರ, ನನ್ನ ಎದುರಿಗೆ ಕುಂಡ್ರಿ. ವಕೀಲವ್ವ, ಕುರ್ಚಿ ಸರಸು. ಸಾಬ್, ಆಪ್ ಥೋಡಾ ರುಕೋ." ಮನೆಯ ಹೊರಗೆ ತಮ್ಮನ್ನು ಹೀಗೆ ಸುಮ್ಮನಿರಿಸಿದವರನ್ನು ನ್ಯಾಯಾಧೀಶರು ಕಂಡಿರಲಿಲ್ಲ, ಗಲ್ಲಕ್ಕೆ ಕೈಕೊಟ್ಟು ಕೂತರು.

"ಈಗ ಹೇಳ್ರಿ. ನಾ ಅಡ್ಡ ಬಂದ್ನೇನು?"

"ಇಲ್ಲಪ್ಪ. ನೀವು ಸರಿಯಾಗಿಯೇ ದಾಟ್ತಾ ಇದ್ರಿ. ನನ್ನ ಕಣ್ಣು ಮೊಬೈಲಿನ ಮೇಲಿತ್ತು. ಬಾಯಿ ಬಿಡಬೇಡಿ ಅಂತ ಈ ಕಂಪನಿಯವರು ಹೇಳಿದ್ರು, ಹೆದರಿ ಸುಮ್ಮನಾದೆ. ತಪ್ಪಾಯ್ತು ಮಾರಾಯ್ರೇ."

ಇದನ್ನೂ ಸಾಧನಾ ಹಿಂದಿಗೆ ತಿರುಗಿಸಿದಳು, ಬಹಳ ಖುಷಿಯಿಂದ, ಎರಡು ಸಲ.

"ಯೇ ರೆಕಾರ್ಡ್ ಮೇ ನಹೀ ಲೇನಾ!" ಎಂದು ಅಧಿಕಾರಿ ಕೂಗಿದ.

"ರೆಕಾರ್ಡ್ ಮೇ ನಹೀ, ಕಾನ್ ಮೇ ಲೇ ಲಿಯಾ," ಎಂದು ನ್ಯಾಯಾಧೀಶರು ಕಿವಿ ಮುಟ್ಟಿ ತೋರಿಸಿ ನಕ್ಕರು. ಆಮೇಲೆ ಖಂಡಪ್ಪನ ಕಡೆ ತಿರುಗಿ, "ಖಂಡಪ್ಪ, ತುಮ್ಹಾರಾ ಕಸೂರ್ ನಹೀ ಥಾ," ಎಂದರು.

ತಪ್ಪು ತನ್ನದಲ್ಲ ಎಂದು ಜಡ್ಜ್ ಸಾಹೇಬರ ಬಾಯಿಂದಲೇ ಕೇಳಿ ಖಂಡಪ್ಪನ ಎದೆ ಹಗುರಾಯಿತು. ಎದೆ ಹಗುರಾದದ್ದೇ ತಡ, ಒಳಗಿದ್ದ ಚಾಳಿನ ಪಂಚ ಮೈಮೇಲೆ ಬಂದ. "ಆತು ಬಿಡ್ರಿ! ಅಂವ ಬಾಗ್ಯಾನ. ಖಂಡಪ್ಪ, ಈಗ ನೀನೂ ಚೂರು ಬಾಗಪಾ," ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡು, "ಆ ಅಂಕಿ ಅರ್ಧಾ ಮಾಡ್ರಿ!" ಎಂದುಬಿಟ್ಟ.

"ಕಾಲು ಅರ್ಧಾ ಮುರದಿತ್ತೇನು?" ಮಲ್ಲಕ್ಕ ಹಿಂದಿನಿಂದ ಎದ್ದೇ ಬಂದಳು. "ಸುಮ್ಮ ಸಹಿ ಮಾಡ್ರಿ!"

ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ. "ಕ್ಯಾ ಬೋಲಾ?" ಎಂದು ಕೇಳಿದ. "ಬಾಬಾ ಖುಷ್ ಹೈ," ಎಂದಳು ಸಾಧನಾ. ಅಂಕಿ ಇದ್ದಂತೆಯೇ ಸಹಿ ಬಿತ್ತು.

ಹೊರಗೆ ಕೊರಗ ಕಾರಿನ ಬಾಗಿಲು ತೆರೆದು ನಿಂತಿದ್ದ. "ಮನೆಗೆ ಬಿಟ್ಟು ಬರ್ತೇನೆ, ಕೂತುಕೊಳ್ಳಿ."

"ಇದರಾಗ?" ಎಂದಳು ಮಲ್ಲಕ್ಕ.

"ಬಾ ನೀ. ಒಳಗ ಕುಂತವರಿಗೆ ಇದು ಬಡಿಯಂಗಿಲ್ಲ," ಎಂದು ಖಂಡಪ್ಪ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತ. ಸಿಗ್ನಲ್ ದಾಟುವಷ್ಟರಲ್ಲಿ ಕೊರಗನ ಫೋನು ಬಡಿದುಕೊಂಡಿತು. ಕೊರಗನ ಕೈ ಜೇಬಿಗೆ ಹೋಗುವ ಮೊದಲೇ ಖಂಡಪ್ಪ ಅದನ್ನು ಅಲ್ಲಿಂದ ಎಗರಿಸಿ ಕಿವಿಗಿಟ್ಟ.

"ಮಾಲಕ್ರು ಗಾಡಿ ನಡಸಾಕತ್ಯಾರ್ರಿ. ರಸ್ತಾ ದಾಟೂ ಮಂದಿ ಇನ್ನೂ ಭಾಳ ಅದಾರ," ಎಂದವನೇ ಫೋನನ್ನು ಹಿಂದಿನ ಸೀಟಿಗೆ ದಾಟಿಸಿದ.

ಆಂಟಾಪ್ ಹಿಲ್ ಬರುವವರೆಗೆ ಗ್ರಾಂಟ್ ರೋಡಿನ ಹೋಟೆಲಿನ ಪಾರ್ಸೆಲ್ ಆರ್ಡರುಗಳನ್ನೆಲ್ಲ ಮಲ್ಲಕ್ಕನೇ ತೆಗೆದುಕೊಂಡಳು.