ಟೇಪು ಹಿಡಿದು ಕಾಡಿಗೆ ಹೋಗುವವರು

ಕಾಡಿನಲ್ಲಿ ಯಾರೋ ಬಚ್ಚಿಟ್ಟ ಡಬ್ಬಿಯನ್ನು ಸುಳಿವು ಹಿಡಿದು ಹುಡುಕುವ ಚಟ ನಮ್ಮ ಮನೆಯವರಿಗೆ ಟೈಲರ್ ಕೆಲಸ ಬಿಟ್ಟ ಮೇಲೆ ಅಂಟಿಕೊಂಡಿತು. ಡಬ್ಬಿಯೊಳಗೆ ಇರುವುದು ಒಂದು ಪುಸ್ತಕ, ಒಂದು ಮುದ್ರೆ. ಡಬ್ಬಿ ಸಿಕ್ಕವರು ಪುಸ್ತಕದಲ್ಲಿ ಹೆಸರು ಬರೆದು, ಮುದ್ರೆ ಒತ್ತಿಕೊಂಡು, ಅದನ್ನು ಇದ್ದಲ್ಲೇ ಇಟ್ಟು ಬರಬೇಕು. ಇಷ್ಟಕ್ಕೆ ಇವರು ಕೊರಳಿಗೆ ಟೇಪು ಹಾಕಿಕೊಂಡು ಮದುವೆಗೆ ಹೊರಟವರ ಹಾಗೆ ಹೊರಡುತ್ತಾರೆ. ಟೇಪಿನ ತುದಿ ಹಿಡಿಯಲು ನಾನು ಬೇಕು, ಡಬ್ಬಿ ಸಿಗದಿದ್ದರೆ ಬೈಸಿಕೊಳ್ಳಲೂ ನಾನೇ ಬೇಕು. "ಸುಳಿವು ಬರೆದವನಿಗೆ ಅಳತೆ ಅಂದ್ರೇನು ಅಂತಾನೇ ಗೊತ್ತಿಲ್ಲ ಕಣೇ," ಎಂದು ದಾರಿಯುದ್ದಕ್ಕೂ ಗೊಣಗುತ್ತಾರೆ. ಕಳೆದ ವರ್ಷ ನನ್ನ ಸೊಂಟದ ಮೂಳೆ ಮುರಿದಾಗ, "ಇನ್ನು ನನ್ನ ಕೈಲಾಗಲ್ಲ, ನೀವೇ ಹೋಗಿ," ಎಂದೆ. ಕೇಳಿದರೆ ತಾನೆ? ಕೋಲೂರಿಕೊಂಡು ಅಂಗಳದಲ್ಲಿ ನಡೆಯುವಾಗಲೂ ಹಿಂದಿನಿಂದ ಟೇಪು ಹಿಡಿದು ಬಂದು ತಲೆ ತಿಂದರು. ಆಮೇಲೆ ತಾವೇ ಒಂದು ಡಬ್ಬಿ ಬಚ್ಚಿಟ್ಟು ಸುಳಿವು ಬರೆದರು: ಕಾಡಿನ ಗೇಟಿನಿಂದ ನೂರು ಹೆಜ್ಜೆ, ಎಡಗಡೆ ಮರದ ಪೊಟರೆ. ಹುಡುಕಲು ಹೋದವರೆಲ್ಲ ಬರಿಗೈಯಲ್ಲಿ ಬಂದು ನಮ್ಮ ಬಾಗಿಲಲ್ಲೇ ಜಗಳ ತೆಗೆದರು. "ನೂರು ಹೆಜ್ಜೆಗೆ ಕೆರೆ ಬರುತ್ತೆ ಸ್ವಾಮಿ, ಟೈಲರ್ ಆಗಿದ್ದೋರು ಹೀಗೆ ಅಳೆಯೋದಾ?" "ಅಳತೆ ಸರಿಯಾಗೇ ಇದೆ," ಎಂದು ಇವರು ಟೇಪು ಸುತ್ತುತ್ತಾ ಕೂತರು. ಆ ಮೊಂಡುತನ ಸಹಿಸಲಾರದೆ, ತಪ್ಪು ತೋರಿಸಿಯೇ ಬಿಡೋಣವೆಂದು ನಿನ್ನೆ ನಾನೇ ಹೊರಟೆ. ಗೇಟಿನಿಂದ ಒಂದೊಂದೇ ಎಣಿಸುತ್ತಾ, ಕಾಲೆಳೆಯುತ್ತಾ, ಎರಡು ಸಲ ನಿಂತು ಉಸಿರು ತೆಗೆದುಕೊಂಡು ನಡೆದೆ. ನೂರಕ್ಕೆ ಸರಿಯಾಗಿ ಕೋಲು ಮರದ ಬೇರಿಗೆ ತಾಗಿತು. ಪೊಟರೆಯೂ ನಾನು ಬಗ್ಗದೆ ಕೈ ಹಾಕುವಷ್ಟು ಎತ್ತರದಲ್ಲೇ ಇತ್ತು.