ಎದುರು ಬಂದವಳು

ದಿನಕ್ಕೆ ಎರಡು ಮೈಲಿ ನಡೆಯದಿದ್ದರೆ ಸಕ್ಕರೆ ಕಾಯಿಲೆ ಕಾಲನ್ನೇ ತಿಂದುಹಾಕುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ನಡೆಯುವುದೆಲ್ಲಿ? ಗಂಡ ತೀರಿಹೋದ ಮೇಲೆ, ಮೈಸೂರಿನ ನಮ್ಮ ಬೀದಿಯಲ್ಲಿ ನಾನು ಬೆಳಗ್ಗೆ ಹೊಸ್ತಿಲು ದಾಟಿದರೆ ಸಾಕು, ಕಚೇರಿಗೆ ಹೊರಟ ಗಂಡಸರು ವಿಧವೆ ಎದುರಾದಳೆಂದು ಒಳಗೆ ಹೋಗಿ ಕೂತು, ನೀರು ಕುಡಿದು ಹೊರಡುತ್ತಿದ್ದರು. ವರ್ಷವೆಲ್ಲ ಹಿತ್ತಲ ಬಾವಿಯನ್ನೇ ಗಾಣದೆತ್ತಿನಂತೆ ಸುತ್ತಿದೆ. ರೋಸಿಹೋಗಿ ಪಣಕಹಳ್ಳಿಯ ತಂಗಿಯ ಮನೆಗೆ ಹೊರಟೆ.

ಚಾಮರಾಜನಗರದಿಂದ ತಾಳವಾಡಿಗೆ ಬಸ್ಸು, ಟಿಕೆಟ್ಟಿಗೆ ಹತ್ತಾಣೆ. ಮದರಾಸು ರಾಜ್ಯ ಬಂತೆಂದು ತಿಳಿದದ್ದು ಅಂಗಡಿಯ ತಮಿಳು ಬೋರ್ಡಿನಿಂದ; ಆಡುವ ಮಾತು ಕನ್ನಡವೇ. ಅಲ್ಲಿಂದ ಮುಂದಕ್ಕೆ ತಂಗಿಯ ಗಂಡನ ಎತ್ತಿನ ಗಾಡಿ. ಮಾಗಿಯ ಚಳಿಗೆ ಬಿಸಿ ರಾಗಿಮುದ್ದೆ, ಅವರೆಕಾಳಿನ ಸಾರು ಹಿತವಾಗಿತ್ತು.

ಮರುದಿನ ಬೆಳಗ್ಗೆ ಗಾಡಿದಾರಿ ಹಿಡಿದೆ. ಸಿಕ್ಕವರೆಲ್ಲ "ಒಲಕ್ಕಾ ಅವ್ವ?" ಎಂದರು. ಹೊಲಕ್ಕಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ಯಾರೂ ನಂಬಲಿಲ್ಲ. ಒಬ್ಬ ಅಜ್ಜ, ನಾನು ತಪ್ಪಿಸಿಕೊಂಡ ಕರು ಹುಡುಕುತ್ತಿದ್ದೇನೆಂದು ತಾನೇ ತೀರ್ಮಾನಿಸಿ ಅದರ ಬಣ್ಣ ಕೇಳಿದ. ಮುಖ ತಿರುಗಿಸಿದವರು ಮಾತ್ರ ಒಬ್ಬರೂ ಇಲ್ಲ.

ಮೂರನೆಯ ದಿನ ಹುಣಸೆಮರ ಮುಟ್ಟಿ ಹಿಂದಕ್ಕೆ ತಿರುಗಿದೆ. ತಂಗಿಯ ಮನೆಯಿಂದ ಅಲ್ಲಿಗೆ ಒಂದು ಮೈಲಿ, ಹೋಗಿಬಂದರೆ ಎರಡು. ಹೆಣ್ಣು ದನಿಯೊಂದು ತಡೆಯಿತು. ಸೌದೆಹೊರೆ ಹೊತ್ತ ಹೆಂಗಸು ಕಾಡಿನ ಕಡೆಯಿಂದ ಬರುತ್ತಿದ್ದಳು. ಸೌದೆ ಎದುರಾದರೆ ಅಪಶಕುನ, ಅದಕ್ಕೇ ತಿರುಗಿದೆನೆಂದು ಅವಳು ತಿಳಿದಿದ್ದಳು.

"ನನ್ ಸೌದೆ ಕಂಡು ತಿರುಗುಬುಟ್ರಲ್ಲ ಅವ್ವ. ನಾನೇನ್ ನಿಮ್ಗೆ ಅಡ್ಡ ಬಂದ್ನಾ? ನನ್ ದಾರೀಲಿ ನಾ ಬತ್ತಾ ಇವ್ನಿ."

ನಾಚಿಕೆಯಾಯಿತು. ನನ್ನ ಬೀದಿ ನನಗೆ ಮಾಡಿದ್ದನ್ನು ಅರಿಯದೆ ನಾನೂ ಮಾಡಿದ್ದೆ. ಅವಳಾಡಿದ ಈ ಮಾತನ್ನು ನಾನೇಕೆ ಮೈಸೂರಿನಲ್ಲಿ ಒಮ್ಮೆಯೂ ಆಡಲಿಲ್ಲ ಎಂದು ಸಿಟ್ಟೂ ಬಂತು. ಹತ್ತಿರ ಹೋಗಿ ಡಾಕ್ಟರ ಮಾತು, ಮರದ ಲೆಕ್ಕ ಎಲ್ಲ ಹೇಳಿದೆ. ನಮ್ಮೂರಲ್ಲಿ ನಾನೇ ಅಪಶಕುನ ಎಂದೂ ಹೇಳಿದೆ. ಅವಳು ನಕ್ಕಳು.

"ಅಂಗಾದ್ರೆ ಇಬ್ರೂ ಜೊತೇಲೇ ಓಗವಾ ಬನ್ನಿ. ಎದುರ್ಗೆ ಬರೋರು ಬೇಕಾರೆ ತಿರುಗ್ಲಿ."

ಊರಿನ ತನಕ ಒಟ್ಟಿಗೆ ನಡೆದೆವು.

ಮೈಸೂರಿಗೆ ಮರಳಿದ ಮಾರನೆಯ ಬೆಳಗ್ಗೆ ಬೀದಿಯ ನಟ್ಟನಡುವೆ ನಡೆದೆ. ಎದುರುಮನೆಯ ಗುಮಾಸ್ತರು ಛತ್ರಿ ಹಿಡಿದು ಮೆಟ್ಟಿಲಿಳಿದವರು, ನನ್ನನ್ನು ಕಂಡು ಒಳಗೆ ಹೋದರು. ನಾನು ಒಂದು ಸುತ್ತು ಮುಗಿಸುವಷ್ಟರಲ್ಲಿ ಮತ್ತೆ ಹೊರಬಂದು, ಮತ್ತೆ ಒಳಗೆ ಹೋದರು. ಎರಡು ಮೈಲಿಗೆ ನಮ್ಮ ಬೀದಿ ಎಂಟು ಸುತ್ತು. ಪಾಪ, ಮೂರು ಸಲ ನೀರು ಕುಡಿದರು. ನಾಲ್ಕನೆಯ ಸಲ ತಲೆ ತಗ್ಗಿಸಿ ನನ್ನ ಪಕ್ಕದಲ್ಲೇ ಹಾದು ಓಡಿದರು. ಅವರಿಗೆ ಕಚೇರಿಗೆ ಹೊತ್ತಾಗಿತ್ತು. ನನಗಿನ್ನೂ ನಾಲ್ಕು ಸುತ್ತು ಬಾಕಿಯಿತ್ತು.